ಟ್ಯಾಂಕಿಗೆ ಎಷ್ಟು ಬ್ಲೀಚಿಂಗ್ ಪೌಡರ್? ಕೊನೆಯ ನಲ್ಲಿಯನ್ನು ಕೇಳಿ

[ದೃಶ್ಯ: ಓವರ್‌ಹೆಡ್ ಟ್ಯಾಂಕಿನ ಮುಚ್ಚಳ ತೆರೆದು ಒಂದು ಹಿಡಿ ಪುಡಿ ಎರಚುವ ಕೈ]

ಎಷ್ಟೋ ಕಡೆ ಕ್ಲೋರಿನೇಷನ್ (ನೀರಿನ ರೋಗಾಣು ಕೊಲ್ಲಲು ಕ್ಲೋರಿನ್ ಬೆರೆಸುವುದು) ಅಂದರೆ ಇಷ್ಟೇ. ಒಂದು ಹಿಡಿ ಎರಚು, ಮುಚ್ಚಳ ಹಾಕು, ರಿಜಿಸ್ಟರಿನಲ್ಲಿ ಸಹಿ ಮಾಡು. ಪುಡಿಯೆಲ್ಲ ತಳ ಸೇರಿ ಅಲ್ಲೇ ಗಟ್ಟಿಯಾಗುತ್ತದೆ. ಮೊದಲ ಮನೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ಕೊನೆಯ ಮನೆಗೆ ಹೋಗುವ ನೀರಿನಲ್ಲಿ ಕ್ಲೋರಿನ್ನೇ ಇರುವುದಿಲ್ಲ.

[ದೃಶ್ಯ: ನಾಲ್ಕು ಬಕೆಟ್, ಒಂದು ಸಿರಿಂಜ್]

ನಿಮ್ಮ ನೀರಿಗೆ ಎಷ್ಟು ಬೇಕು ಅನ್ನುವುದನ್ನು ಬಕೆಟ್ಟಿನಲ್ಲೇ ಕಂಡುಕೊಳ್ಳಬಹುದು. ಹೊಸ ಪುಡಿಯಲ್ಲಿ ಸುಮಾರು 33% ಕ್ಲೋರಿನ್ ಇರುತ್ತದೆ. ಅದರ 30 ಗ್ರಾಂ ಅನ್ನು 1 ಲೀಟರ್ ನೀರಿಗೆ ಕಲಸಿದರೆ 1% ದ್ರಾವಣ. 20 ಲೀಟರಿನ ನಾಲ್ಕು ಬಕೆಟ್ ತುಂಬಿ, ದ್ರಾವಣದ ತಿಳಿಯನ್ನು ಕ್ರಮವಾಗಿ 1, 2, 3, 4 ಮಿಲಿಲೀಟರ್ ಹಾಕಿ ಕಲಕಿ. 30 ನಿಮಿಷ ಬಿಟ್ಟು, ಕ್ಲೋರಿನ್ ಅಳೆಯುವ ಕಿಟ್‌ನಲ್ಲಿ ಪರೀಕ್ಷಿಸಿ. ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದ ಬಕೆಟ್ ಯಾವುದೋ ಅದೇ ನಿಮ್ಮ ಲೆಕ್ಕ.

ಮೂರನೆಯದು ಅಂದುಕೊಳ್ಳಿ. ಅಲ್ಲಿಗೆ ಲೀಟರಿಗೆ 1.5 ಮಿಲಿಗ್ರಾಂ ಹಾಕಿದ್ದೀರಿ. 10,000 ಲೀಟರ್ ಟ್ಯಾಂಕಿಗೆ 15 ಗ್ರಾಂ ಕ್ಲೋರಿನ್, ಅಂದರೆ ಸುಮಾರು 45 ಗ್ರಾಂ ಪುಡಿ. ಚೀಲ ಬಾಯಿ ಬಿಟ್ಟುಕೊಂಡು ತೇವದಲ್ಲಿ ಬಿದ್ದು ಪುಡಿಯ ಬಲ 20%ಗೆ ಇಳಿದಿದ್ದರೆ ಅದೇ ಕೆಲಸಕ್ಕೆ 75 ಗ್ರಾಂ ಬೇಕು. ಹಾಗಾಗಿ ಚೀಲ ಬದಲಾದಾಗ, ನೀರಿನ ಬಣ್ಣ ಬದಲಾದಾಗ ಬಕೆಟ್ ಪರೀಕ್ಷೆ ಮತ್ತೆ ಮಾಡಲೇಬೇಕು.

[ದೃಶ್ಯ: ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪುಡಿ ಕಲಸುವುದು, ಕೈಗವಸು, ಮಾಸ್ಕ್]

ಪುಡಿಗೆ ಮೊದಲು ಸ್ವಲ್ಪವೇ ನೀರು ಹಾಕಿ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಬಕೆಟ್ ತುಂಬಿಸಿ. ಲೋಹದ ಪಾತ್ರೆ ಬೇಡ, ತುಕ್ಕು ಹಿಡಿಯುತ್ತದೆ. ಅರ್ಧ ಗಂಟೆಯಲ್ಲಿ ಸುಣ್ಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ. ಟ್ಯಾಂಕ್ ತುಂಬುತ್ತಿರುವಾಗ, ಪಂಪಿನ ನೀರು ಬೀಳುವ ಜಾಗಕ್ಕೇ ಸುರಿಯಿರಿ. ಕಲಕುವ ಕೆಲಸ ನೀರೇ ಮಾಡುತ್ತದೆ. ತುಂಬಿದ ಮೇಲೆ ಕನಿಷ್ಠ 30 ನಿಮಿಷ ವಾಲ್ವ್ ತಿರುಗಿಸಬೇಡಿ. ಪುಡಿಯ ಹತ್ತಿರ ಆಸಿಡ್ ಇಡಲೇಬೇಡಿ, ಎರಡೂ ಸೇರಿದರೆ ವಿಷಾನಿಲ.

ನೀರು ಕದಡಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗು. ಮಣ್ಣಿನ ಕಣದ ಮರೆಯಲ್ಲಿ ರೋಗಾಣು ಉಳಿಯುತ್ತದೆ. ಮೊದಲು ತಿಳಿಯಾಗಿಸಿ, ಸೋಸಿ. ಕಬ್ಬಿಣದಂಶ, ಅಮೋನಿಯಾ ಇದ್ದರೂ ಕ್ಲೋರಿನ್ನನ್ನು ಅವೇ ತಿಂದುಹಾಕುತ್ತವೆ. ಪಿಎಚ್ (ನೀರು ಆಮ್ಲವೋ ಕ್ಷಾರವೋ ಎಂದು ಹೇಳುವ ಅಳತೆ) 8 ದಾಟಿದರೆ ಕ್ಲೋರಿನ್ನಿನ ಬಲ ಕುಗ್ಗುತ್ತದೆ, ಅರ್ಧ ಗಂಟೆ ಸಾಲದು.

[ದೃಶ್ಯ: ಪೈಪ್‌ಲೈನಿನ ತುದಿಯ ನಲ್ಲಿ, ಡಿಪಿಡಿ ಕಿಟ್‌ನಲ್ಲಿ ಗುಲಾಬಿ ಬಣ್ಣ]

ಈಗ ನಿಜವಾದ ಪರೀಕ್ಷೆ. ಲೈನಿನ ತುದಿಯ ನಲ್ಲಿಯಲ್ಲಿ ನಿಂತ ನೀರು ಹೋಗುವವರೆಗೆ ಬಿಟ್ಟು, ಆಮೇಲೆ ಹಿಡಿದು ಡಿಪಿಡಿ ಮಾತ್ರೆ (ಕ್ಲೋರಿನ್ ಇದ್ದರೆ ನೀರನ್ನು ಗುಲಾಬಿಯಾಗಿಸುವ ಮಾತ್ರೆ) ಹಾಕಿ. ಗುಲಾಬಿ ಬಣ್ಣವನ್ನು ಕಿಟ್ಟಿನ ಪಟ್ಟಿಗೆ ಹೋಲಿಸಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಕ್ಲೋರಿನ್ ವಿಪರೀತ ಇದ್ದಾಗ ಬಣ್ಣ ಮೂಡಿ ಥಟ್ಟನೆ ಮಾಯವಾಗುತ್ತದೆ, ಅದನ್ನು ಸೊನ್ನೆ ಎಂದು ಬರೆದುಕೊಂಡು ಇನ್ನಷ್ಟು ಪುಡಿ ಸುರಿಯುವವರಿದ್ದಾರೆ! ಅನುಮಾನ ಬಂದರೆ ಶುದ್ಧ ನೀರು ಬೆರೆಸಿ ಮತ್ತೆ ನೋಡಿ.

ಟ್ಯಾಂಕಿನ ಬುಡದಲ್ಲಿ 0.5, ತುದಿಯಲ್ಲಿ ಸೊನ್ನೆ ಬಂದರೆ ಪುಡಿ ಹೆಚ್ಚಿಸುವ ಮೊದಲು ಲೈನ್ ನೋಡಿ. ಹೊತ್ತು ಹೊತ್ತಿಗೆ ನೀರು ಬಿಡುವ ಪೈಪಿನಲ್ಲಿ, ನೀರು ನಿಂತಾಗ ಒತ್ತಡ ಇಳಿದು, ಒಡೆದ ಜಾಯಿಂಟಿನಿಂದ ಚರಂಡಿ ನೀರು ಒಳಗೆ ನುಗ್ಗುತ್ತದೆ. ವಾಲ್ವ್ ಗುಂಡಿಯಲ್ಲಿ ನಿಂತ ಕೊಳೆ ನೀರನ್ನೇ ಮೊದಲು ನೋಡಿ. ಒಳಗೋಡೆಗೆ ಹಿಡಿದ ಲೋಳೆಯೂ ಕ್ಲೋರಿನ್ ನುಂಗುತ್ತದೆ, ಲೈನ್ ತೊಳೆಯಬೇಕು.

ರಿಪೇರಿ ಮುಗಿಯುವ ತನಕ ಕುಡಿಯುವ ನೀರನ್ನು ಕೊತಕೊತ ಕುದಿಸಿ, ಮುಚ್ಚಿ ಆರಿಸಲು ಹೇಳಿ. ಕುದಿಸುವುದು ರೋಗಾಣುವಿಗೆ ಮಾತ್ರ ಮದ್ದು. ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್ ಕ್ಲೋರಿನ್ನಿಗೂ ಬಗ್ಗುವುದಿಲ್ಲ. ಕುದಿಸಿದರೆ ನೀರು ಆವಿಯಾದಷ್ಟೂ ಅವು ಇನ್ನೂ ಗಾಢವಾಗುತ್ತವೆ. ಅವುಗಳ ಪತ್ತೆಗೆ ಮಾದರಿ ಪ್ರಯೋಗಾಲಯಕ್ಕೇ ಹೋಗಬೇಕು.