ಮಂಡಿಯೂರಿದವನ ಪಕ್ಕ ನಿಂತಿದ್ದ ಸೈನಿಕ

[ತೆರೆ ಮೇಲೆ: ತುಂಬಿದ ಫುಟ್‌ಬಾಲ್ ಸ್ಟೇಡಿಯಂ. ಬ್ಯಾಂಡ್ ಸದ್ದು ನಿಧಾನಕ್ಕೆ ಶುರು.]

ನಮಸ್ಕಾರ. ಇವತ್ತು ಒಂದು ಫೋಟೋದಿಂದ ಮಾತು ಶುರು ಮಾಡೋಣ.

2016ರ ಸೆಪ್ಟೆಂಬರ್ 1. ಅಮೆರಿಕದ ಸ್ಯಾನ್ ಡಿಯೇಗೋ ನಗರ. ರಾಷ್ಟ್ರಗೀತೆ ನಡೀತಿದೆ. ಮೈದಾನದ ಅಂಚಿನಲ್ಲಿ ಎಲ್ಲರೂ ಎದ್ದು ನಿಂತಿದ್ದಾರೆ. ಇಬ್ಬರು ಆಟಗಾರರು ಮಾತ್ರ ಒಂದು ಮಂಡಿ ನೆಲಕ್ಕೂರಿ ಕೂತಿದ್ದಾರೆ. ಒಬ್ಬರು ಕಾಲಿನ್ ಕ್ಯಾಪರ್ನಿಕ್, ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿಯನ್ನು ನಡೆಸುವ ಆಟಗಾರ. ಇನ್ನೊಬ್ಬರು ಅದೇ ತಂಡದ ಎರಿಕ್ ರೀಡ್.

ಈಗ ಅವರ ಪಕ್ಕ ನೋಡಿ. ಒಬ್ಬ ಮನುಷ್ಯ ನೆಟ್ಟಗೆ ನಿಂತಿದ್ದಾರೆ. ಬಲಗೈ ಎದೆ ಮೇಲಿದೆ. ಅವರ ಹೆಸರು ನೇಟ್ ಬೋಯರ್. ಅಮೆರಿಕ ಸೇನೆಯ ವಿಶೇಷ ಪಡೆಯಲ್ಲಿ, ಅಂದರೆ ಗ್ರೀನ್ ಬೆರೆ ಪಡೆಯಲ್ಲಿ ಇದ್ದವರು. ಇರಾಕ್, ಅಫ್ಘಾನಿಸ್ತಾನ ಎರಡೂ ಕಡೆ ಯುದ್ಧ ನೋಡಿ ಬಂದವರು.

ಮಂಡಿಯೂರಿದವರ ಬಗ್ಗೆ ಜಗತ್ತೇ ಮಾತಾಡಿತು. ಪಕ್ಕದಲ್ಲಿ ನಿಂತವರನ್ನು ಹೆಚ್ಚಿನವರು ಗಮನಿಸಲೇ ಇಲ್ಲ. ಆದರೆ ಆ ಮಂಡಿ ನೆಲ ಮುಟ್ಟಿದ್ದೇ ಈ ಸೈನಿಕನ ಮಾತಿನಿಂದ.

[ತೆರೆ ಮೇಲೆ: ಆಗಸ್ಟ್ 2016]

ಒಂದು ವಾರ ಹಿಂದಕ್ಕೆ ಹೋಗೋಣ. ಆಗಸ್ಟ್ 26. ಸೀಸನ್‌ಗೆ ಮುಂಚಿನ ಒಂದು ಪಂದ್ಯ. ರಾಷ್ಟ್ರಗೀತೆಯ ಹೊತ್ತಿಗೆ ಕ್ಯಾಪರ್ನಿಕ್ ಬೆಂಚಿನ ಮೇಲೆ ಕೂತೇ ಇದ್ದರು. ನಿಜ ಹೇಳಬೇಕೆಂದರೆ ಅದಕ್ಕೂ ಮುಂಚಿನ ಎರಡು ಪಂದ್ಯಗಳಲ್ಲೂ ಹಾಗೇ ಕೂತಿದ್ದರು. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈ ಸಲ ಯಾರೋ ತೆಗೆದ ಫೋಟೋದಲ್ಲಿ ಸಿಕ್ಕರು. ಕೇಳಿದವರಿಗೆ ನೇರವಾಗಿಯೇ ಹೇಳಿದರು: ಕಪ್ಪು ಜನರನ್ನು ತುಳಿಯುವ ದೇಶದ ಬಾವುಟಕ್ಕೆ ಹೆಮ್ಮೆ ತೋರಿಸಲು ನಾನು ಎದ್ದು ನಿಲ್ಲುವುದಿಲ್ಲ.

ಈ ಮಾತು ಸುಮ್ನೆ ಬಂದಿದ್ದಲ್ಲ. ಅದೇ ವರ್ಷ ಜುಲೈ 5ರಂದು ಲೂಯಿಸಿಯಾನದಲ್ಲಿ ಆಲ್ಟನ್ ಸ್ಟರ್ಲಿಂಗ್ ಎಂಬ ಕಪ್ಪು ವ್ಯಕ್ತಿ ಪೊಲೀಸರ ಗುಂಡಿಗೆ ಸತ್ತರು. ಮರುದಿನವೇ ಮಿನೆಸೋಟದಲ್ಲಿ ಫಿಲಾಂಡೋ ಕ್ಯಾಸ್ಟೀಲ್ ಸತ್ತರು. ಕಾರಿನಲ್ಲಿ ಕೂತಿದ್ದಾಗಲೇ ಗುಂಡು ಬಿತ್ತು. ಎರಡೂ ವಿಡಿಯೋಗಳು ಜನರ ಫೋನುಗಳಿಗೆ ಬಂದವು. ಒಂದು ವಿಡಿಯೋ ನೋಡಿ ಮನಸ್ಸು ತಣಿಯುವ ಮುಂಚೆಯೇ ಇನ್ನೊಂದು.

ಕ್ಯಾಪರ್ನಿಕ್ ಕೂತಿದ್ದನ್ನು ನೋಡಿ ನೇಟ್ ಬೋಯರ್‌ಗೆ ಮೊದಲು ಬಂದಿದ್ದು ಸಿಟ್ಟು. ಇದನ್ನು ಅವರೇ ಬರೆದುಕೊಂಡಿದ್ದಾರೆ. ಆದರೆ ಸಿಟ್ಟಿನಲ್ಲೇ ನಿಲ್ಲಲಿಲ್ಲ. ಸೈನಿಕರು ಓದುವ ಪತ್ರಿಕೆಯಲ್ಲಿ ಒಂದು ಬಹಿರಂಗ ಪತ್ರ ಬರೆದರು. ನನಗೆ ನೋವಾಗಿದೆ, ಆದರೆ ನಿಮ್ಮ ಮಾತು ಕೇಳಲು ಸಿದ್ಧನಿದ್ದೇನೆ ಎನ್ನುವ ಧಾಟಿಯ ಪತ್ರ ಅದು. ಕ್ಯಾಪರ್ನಿಕ್ ಅದನ್ನು ಓದಿ ಅವರನ್ನು ಕರೆಸಿಕೊಂಡರು. ಪಂದ್ಯದ ದಿನವೇ ತಂಡ ಇಳಿದಿದ್ದ ಹೋಟೆಲ್‌ನ ಲಾಬಿಯಲ್ಲಿ ಇಬ್ಬರೂ ಕೂತು ಮಾತಾಡಿದರು.

ಬೋಯರ್‌ಗೆ ಆತ ಎದ್ದು ನಿಲ್ಲಬೇಕು ಎಂಬ ಆಸೆ. ಕ್ಯಾಪರ್ನಿಕ್‌ಗೆ ನಿಲ್ಲಲು ಮನಸ್ಸಿಲ್ಲ. ಹಾಗಂತ ಸೈನಿಕರಿಗೆ ಅವಮಾನ ಆಗಬಾರದು ಎಂಬುದೂ ಇದೆ. ಆಗ ಬೋಯರ್ ನಡುವಿನ ದಾರಿಯೊಂದನ್ನು ಹೇಳಿದರು. ಬೆಂಚಿನ ಮೇಲೆ ಒಬ್ಬನೇ ಕೂರಬೇಡ. ನಿನ್ನ ತಂಡದವರ ಜೊತೆಗೇ ಇರು. ಮಂಡಿಯೂರು. ಸತ್ತ ಜೊತೆಗಾರನ ಸಮಾಧಿಯ ಮುಂದೆ ಸೈನಿಕರು ಹಾಗೆಯೇ ಮಂಡಿಯೂರುತ್ತಾರೆ, ಅದು ಗೌರವ ತೋರಿಸುವ ರೀತಿ ಅಂತ ವಿವರಿಸಿದರು.

ಕ್ಯಾಪರ್ನಿಕ್ ಒಪ್ಪಿದರು. ನೀವೂ ನನ್ನ ಪಕ್ಕ ಇರ್ತೀರಾ ಅಂತ ಕೇಳಿದರು. ಬೋಯರ್ ಹೋದರು, ಪಕ್ಕದಲ್ಲಿ ನಿಂತರು.

ಈ ಚಿಕ್ಕ ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಮುಂದೆ ವರ್ಷಗಟ್ಟಲೆ ಟಿವಿಯಲ್ಲಿ, ರಾಜಕೀಯ ಭಾಷಣಗಳಲ್ಲಿ ಯಾವ ಭಂಗಿಯನ್ನು ಸೈನಿಕರಿಗೆ ಮಾಡಿದ ಅವಮಾನ ಅಂತ ಬೈದರೋ, ಅದನ್ನು ಹೇಳಿಕೊಟ್ಟವನೇ ಒಬ್ಬ ಸೈನಿಕ. ಭಿನ್ನಾಭಿಪ್ರಾಯ ಇದ್ದ ಇಬ್ಬರು ಎದುರುಬದುರು ಕೂತು, ಇಬ್ಬರೂ ಒಂದೊಂದು ಹೆಜ್ಜೆ ಮುಂದೆ ಬಂದು ಹುಡುಕಿಕೊಂಡ ಭಂಗಿ ಅದು.

ಕ್ಯಾಪರ್ನಿಕ್ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಪೊಲೀಸರನ್ನು ಹಂದಿಗಳ ಹಾಗೆ ಚಿತ್ರಿಸಿದ ಸಾಕ್ಸ್ ಹಾಕಿಕೊಂಡು ಅಭ್ಯಾಸಕ್ಕೆ ಬಂದಿದ್ದ ಫೋಟೋಗಳು ಅದೇ ಹೊತ್ತಿಗೆ ಹೊರಬಂದವು. ಅದು ತಪ್ಪು. ಒಳ್ಳೆಯ ಪೊಲೀಸರ ಮನೆಯವರಿಗೂ ಅದು ಚುಚ್ಚಿತು. ಕೇಳಿಸಿಕೊಳ್ಳಬಹುದಾಗಿದ್ದ ಎಷ್ಟೋ ಜನ ಅಲ್ಲಿಗೇ ಕಿವಿ ಮುಚ್ಚಿಕೊಂಡರು.

[ತೆರೆ ಮೇಲೆ: 1968, ಮೆಕ್ಸಿಕೋ ಸಿಟಿ]

ಈಗ ಹಳೆಯ ಕಥೆಗೆ ಬರೋಣ. ಈ ಫೋಟೋವನ್ನು ನೀವು ನೋಡಿಯೇ ಇರುತ್ತೀರಿ.

1968ರ ಅಕ್ಟೋಬರ್ 16. ಒಲಿಂಪಿಕ್ಸ್‌ನ 200 ಮೀಟರ್ ಓಟ. ಅಮೆರಿಕದ ಟಾಮಿ ಸ್ಮಿತ್ 19.83 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಅಮೆರಿಕದವರೇ ಆದ ಜಾನ್ ಕಾರ್ಲೋಸ್ ಮೂರನೆಯವರು. ನಡುವೆ ಎರಡನೇ ಸ್ಥಾನಕ್ಕೆ ನುಗ್ಗಿದ್ದು ಆಸ್ಟ್ರೇಲಿಯಾದ ಪೀಟರ್ ನಾರ್ಮನ್.

ಪದಕ ಕೊಡುವ ಜಾಗಕ್ಕೆ ಸ್ಮಿತ್ ಮತ್ತು ಕಾರ್ಲೋಸ್ ಶೂ ಇಲ್ಲದೆ, ಬರೀ ಕಪ್ಪು ಸಾಕ್ಸ್‌ನಲ್ಲಿ ನಡೆದು ಬಂದರು. ತಮ್ಮ ಜನರ ಬಡತನ ಕಾಣಲಿ ಅಂತ. ಅಮೆರಿಕದ ರಾಷ್ಟ್ರಗೀತೆ ಶುರುವಾದಾಗ ಇಬ್ಬರೂ ತಲೆ ತಗ್ಗಿಸಿ, ಕಪ್ಪು ಗ್ಲೌಸ್ ಹಾಕಿದ ಮುಷ್ಟಿ ಎತ್ತಿದರು.

ಫೋಟೋವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸ್ಮಿತ್ ಎತ್ತಿದ್ದು ಬಲಗೈ. ಕಾರ್ಲೋಸ್ ಎತ್ತಿದ್ದು ಎಡಗೈ. ಯಾಕೆ ಗೊತ್ತಾ? ಕಾರ್ಲೋಸ್ ತಮ್ಮ ಗ್ಲೌಸ್ ತರುವುದನ್ನು ಮರೆತಿದ್ದರು. ಇರುವ ಒಂದೇ ಜೊತೆಯನ್ನು ಇಬ್ಬರೂ ಹಂಚಿಕೊಳ್ಳಿ ಅಂತ ಸಲಹೆ ಕೊಟ್ಟವರು ಪೀಟರ್ ನಾರ್ಮನ್, ಆ ಬಿಳಿಯ ಆಸ್ಟ್ರೇಲಿಯನ್. ಅವರ ಎದೆ ಮೇಲೂ ಒಂದು ಬ್ಯಾಡ್ಜ್ ಕಾಣುತ್ತದೆ ನೋಡಿ. ಮಾನವ ಹಕ್ಕುಗಳ ಚಳವಳಿಯ ಬ್ಯಾಡ್ಜ್ ಅದು. ಅಲ್ಲಿದ್ದ ಒಬ್ಬ ಅಮೆರಿಕನ್ ಕ್ರೀಡಾಪಟುವಿನಿಂದ ಕೇಳಿ ಪಡೆದು ಹಾಕಿಕೊಂಡಿದ್ದರು.

ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜ್ ಕಿಡಿಕಿಡಿಯಾದರು. ಇಬ್ಬರನ್ನೂ ತಂಡದಿಂದ ತೆಗೆದು ಊರಿಗೆ ಕಳಿಸಲಾಯಿತು. ಮನೆಗೆ ಬಂದರೆ ಕೊಲೆ ಬೆದರಿಕೆ, ಕೆಲಸಕ್ಕೆ ಅಲೆದಾಟ. ವರ್ಷಗಟ್ಟಲೆ ಕಷ್ಟಪಟ್ಟರು.

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದೇ ಒಲಿಂಪಿಕ್ಸ್. ಅದೇ ಊರು. ಕೆಲವೇ ದಿನಗಳ ಅಂತರ. ಚೆಕೊಸ್ಲೊವಾಕಿಯಾದ ಜಿಮ್ನಾಸ್ಟ್ ವೆರಾ ಚಾಸ್ಲಾವ್ಸ್ಕಾ ಪದಕ ಪಡೆದು ನಿಂತಿದ್ದಾರೆ. ಅದಕ್ಕೆ ಎರಡು ತಿಂಗಳ ಮುಂಚೆ ಸೋವಿಯತ್ ಟ್ಯಾಂಕುಗಳು ಅವರ ದೇಶಕ್ಕೆ ನುಗ್ಗಿದ್ದವು. ಸುಧಾರಣೆ ಬೇಕು ಎನ್ನುವ ಪತ್ರಕ್ಕೆ ಸಹಿ ಹಾಕಿದ್ದ ವೆರಾ ಬೆಟ್ಟದ ಕಡೆ ಓಡಿಹೋಗಿ ಅಡಗಿದ್ದರು. ಅಭ್ಯಾಸಕ್ಕೆ ಜಿಮ್ ಇಲ್ಲ. ಮರದ ಕೊಂಬೆಗೆ ಜೋತುಬಿದ್ದು, ಮೂಟೆ ಎತ್ತಿ ಮೈ ಗಟ್ಟಿ ಮಾಡಿಕೊಂಡಿದ್ದರು. ಅಷ್ಟಾಗಿ ಮೆಕ್ಸಿಕೋಗೆ ಬಂದು 4 ಚಿನ್ನ, 2 ಬೆಳ್ಳಿ ಗೆದ್ದರು.

ಸೋವಿಯತ್ ರಾಷ್ಟ್ರಗೀತೆ ಶುರುವಾಯಿತು. ವೆರಾ ಮುಷ್ಟಿ ಎತ್ತಲಿಲ್ಲ. ಮಂಡಿಯೂರಲಿಲ್ಲ. ತಲೆಯನ್ನು ಸ್ವಲ್ಪ ತಗ್ಗಿಸಿ, ಮುಖವನ್ನು ಬಲಕ್ಕೆ ತಿರುಗಿಸಿದರು. ಅಷ್ಟೇ.

ಪಶ್ಚಿಮದ ದೇಶಗಳು ಅವರನ್ನು ಇವತ್ತಿಗೂ ಧೀರೆ ಅಂತ ನೆನೆಯುತ್ತವೆ. ನೆನೆಯಲೇಬೇಕು. ಅವರೂ ದೊಡ್ಡ ಬೆಲೆ ತೆತ್ತರು. ಊರಿಗೆ ಮರಳಿದ ಮೇಲೆ ಸರ್ಕಾರ ಅವರನ್ನು ವರ್ಷಗಟ್ಟಲೆ ಮೂಲೆಗೆ ತಳ್ಳಿತು. ಆದರೆ ಸ್ಮಿತ್ ಮತ್ತು ಕಾರ್ಲೋಸ್? ಅವರೂ ತಗ್ಗಿಸಿದ್ದು ತಲೆಯನ್ನೇ. ವ್ಯತ್ಯಾಸ ಒಂದೇ. ವೆರಾ ಮುಖ ತಿರುಗಿಸಿದ್ದು ತಮ್ಮ ದೇಶಕ್ಕೆ ನುಗ್ಗಿದವರ ಗೀತೆಗೆ. ಇವರು ಮುಷ್ಟಿ ಎತ್ತಿದ್ದು ತಮ್ಮದೇ ಗೀತೆಯ ಹೊತ್ತಿನಲ್ಲಿ.

ಬೇರೆಯವರ ಗೀತೆಯ ಮುಂದೆ ತಲೆ ತಗ್ಗಿಸಿದರೆ ಅದು ಧೈರ್ಯ ಅಂತ ನಮಗೆ ಥಟ್ಟನೆ ಅರ್ಥವಾಗುತ್ತದೆ. ನಮ್ಮದೇ ಗೀತೆಯ ಮುಂದೆ ತಗ್ಗಿಸಿದಾಗ ಯಾಕೆ ಅರ್ಥವಾಗುವುದಿಲ್ಲ? 2022ರ ಕತಾರ್ ವಿಶ್ವಕಪ್‌ನಲ್ಲಿ ಇರಾನ್ ಆಟಗಾರರು ಇಂಗ್ಲೆಂಡ್ ವಿರುದ್ಧದ ಪಂದ್ಯಕ್ಕೆ ಮುಂಚೆ ತಮ್ಮ ರಾಷ್ಟ್ರಗೀತೆ ಹಾಡದೆ ಬಾಯಿ ಮುಚ್ಚಿ ನಿಂತಿದ್ದರು. ಮಹ್ಸಾ ಅಮೀನಿ ಎಂಬ ಯುವತಿ ಪೊಲೀಸರ ವಶದಲ್ಲಿ ಸತ್ತ ಮೇಲೆ ಇರಾನ್ ಹೊತ್ತಿ ಉರಿಯುತ್ತಿದ್ದ ಸಮಯ ಅದು. ದೂರದಿಂದ ನೋಡಿದ ಯಾರಿಗೂ ಅದು ದೇಶದ್ರೋಹ ಅನ್ನಿಸಲಿಲ್ಲ, ಅಲ್ವಾ?

[ತೆರೆ ಮೇಲೆ: ಕಾನೂನು ಏನು ಹೇಳುತ್ತದೆ?]

ಅಮೆರಿಕದ ಕಾನೂನಿನ ಬಗ್ಗೆ ಎರಡು ಮಾತು. ರಾಷ್ಟ್ರಗೀತೆಯ ಹೊತ್ತಿಗೆ ಎದ್ದು ನಿಲ್ಲಬೇಕು, ಬಲಗೈ ಎದೆ ಮೇಲಿಡಬೇಕು ಅಂತ ಅಲ್ಲಿನ ಕಾನೂನಿನಲ್ಲಿದೆ. ಆದರೆ ಮಾಡದಿದ್ದರೆ ಶಿಕ್ಷೆ ಇಲ್ಲ. 1943ರಲ್ಲಿ, ಎರಡನೇ ಮಹಾಯುದ್ಧ ಜೋರಾಗಿದ್ದಾಗಲೇ, ಶಾಲಾ ಮಕ್ಕಳಿಗೆ ಬಾವುಟಕ್ಕೆ ಸಲ್ಯೂಟ್ ಹೊಡೆಯಿರಿ ಅಂತ ಸರ್ಕಾರ ಬಲವಂತ ಮಾಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಸಲ್ಯೂಟ್ ಮಾಡಲು ಒಪ್ಪದ ಮಕ್ಕಳು ಯೆಹೋವನ ಸಾಕ್ಷಿಗಳು ಎಂಬ ಪಂಥಕ್ಕೆ ಸೇರಿದವರು. ಯುದ್ಧದ ಮಧ್ಯೆ ಬಂದ ತೀರ್ಪು ಅನ್ನೋದನ್ನು ಮರೆಯಬೇಡಿ.

ಆದರೆ ಈ ರಕ್ಷಣೆ ಸರ್ಕಾರದ ವಿರುದ್ಧ ಮಾತ್ರ. ಆಟಗಾರನ ಮಾಲೀಕ ಸರ್ಕಾರ ಅಲ್ಲ, ಖಾಸಗಿ ತಂಡ. ಪೇಚು ಇರೋದೇ ಇಲ್ಲಿ. 1996ರಲ್ಲಿ ಡೆನ್ವರ್ ನಗ್ಗೆಟ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಮಹಮೂದ್ ಅಬ್ದುಲ್ ರವೂಫ್ ರಾಷ್ಟ್ರಗೀತೆಗೆ ಎದ್ದು ನಿಲ್ಲಲು ಒಪ್ಪದಿದ್ದಾಗ ಅಲ್ಲಿನ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಅವರನ್ನು ಒಂದು ಪಂದ್ಯಕ್ಕೆ ಅಮಾನತು ಮಾಡಿತು. ಕೊನೆಗೆ ರಾಜಿಯಾಯಿತು. ಅವರು ನಿಲ್ಲುತ್ತಾರೆ, ಆದರೆ ತಲೆ ತಗ್ಗಿಸಿ ತಮ್ಮ ಪ್ರಾರ್ಥನೆ ಮಾಡಿಕೊಳ್ಳುತ್ತಾರೆ. ಎರಡೂ ಅಂಗೈ ಸೇರಿಸಿ ಬೊಗಸೆ ಮಾಡಿ, ಮುಖದ ಹತ್ತಿರ ಹಿಡಿದು ನಿಲ್ಲುತ್ತಿದ್ದರು. ಆದರೂ ಜನ ಕೂಗಿ ಅವಮಾನಿಸೋದು ನಿಲ್ಲಲಿಲ್ಲ. ನಿಂತರೂ ಸಮಾಧಾನ ಇಲ್ಲ ಅಂದಮೇಲೆ ಜಗಳ ಬರೀ ನಿಲ್ಲುವುದರದ್ದಲ್ಲ.

[ತೆರೆ ಮೇಲೆ: ಸೆಪ್ಟೆಂಬರ್ 2017]

ಕ್ಯಾಪರ್ನಿಕ್‌ಗೆ ಏನಾಯಿತು? 2017ರ ಮಾರ್ಚ್‌ನಲ್ಲಿ ಅವರು ಒಪ್ಪಂದದಿಂದ ಹೊರಬಂದರು. ಆಮೇಲೆ ಎನ್‌ಎಫ್‌ಎಲ್‌ನ, ಅಂದರೆ ಅಲ್ಲಿನ ಫುಟ್‌ಬಾಲ್ ಲೀಗ್‌ನ, ಒಂದು ತಂಡವೂ ಅವರನ್ನು ಆಡಿಸಲಿಲ್ಲ. ನಾಲ್ಕು ವರ್ಷ ಹಿಂದೆ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ವರೆಗೆ ತಂಡವನ್ನು ಕರೆದೊಯ್ದಿದ್ದ ಆಟಗಾರ, ಆಗಿನ್ನೂ 29 ವರ್ಷ. ತಂಡಗಳು ಒಟ್ಟಾಗಿ ನನ್ನನ್ನು ಹೊರಗಿಟ್ಟಿವೆ ಅಂತ ದೂರು ಕೊಟ್ಟರು. 2019ರ ಫೆಬ್ರವರಿಯಲ್ಲಿ ಅದು ರಾಜಿಯಲ್ಲಿ ಮುಗಿಯಿತು.

2017ರ ಸೆಪ್ಟೆಂಬರ್ 22ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅಲಬಾಮಾದ ಒಂದು ಸಭೆಯಲ್ಲಿ, ಮಂಡಿಯೂರುವವರನ್ನು ಬೈಗುಳದಿಂದ ಕರೆದು, ಅಂಥವರನ್ನು ಮಾಲೀಕರು ಕೆಲಸದಿಂದ ತೆಗೆಯಬೇಕು ಎಂದರು. ಆ ಭಾನುವಾರ 200ಕ್ಕೂ ಹೆಚ್ಚು ಆಟಗಾರರು ಮಂಡಿಯೂರಿದರು, ಇಲ್ಲವೇ ಕೂತರು.

ಅವತ್ತು ಷಿಕಾಗೋದಲ್ಲಿ ನಡೆದಿದ್ದನ್ನು ಹೇಳಲೇಬೇಕು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದವರು ಈ ಗಲಾಟೆಯೇ ಬೇಡ ಅಂತ ರಾಷ್ಟ್ರಗೀತೆ ಮುಗಿಯುವವರೆಗೆ ಒಳಗೇ ಉಳಿದರು. ಅವರಲ್ಲಿ ಒಬ್ಬರು ಅಲೆಹಾಂಡ್ರೋ ವಿಲನೂಯೆವಾ. ಅಫ್ಘಾನಿಸ್ತಾನದಲ್ಲಿ ಮೂರು ಸಲ ಯುದ್ಧಕ್ಕೆ ಹೋಗಿ ಬಂದವರು. ರಾಷ್ಟ್ರಗೀತೆಗೆ ನಿಲ್ಲದೆ ಇರಲು ಅವರ ಮನಸ್ಸು ಒಪ್ಪಲಿಲ್ಲ. ಮೈದಾನಕ್ಕೆ ಹೋಗುವ ಸುರಂಗದ ಬಾಯಿಗೆ ಬಂದು, ಒಬ್ಬರೇ ಎದೆ ಮೇಲೆ ಕೈಯಿಟ್ಟು ನಿಂತರು. ಆ ಫೋಟೋ ದೇಶವೆಲ್ಲ ಓಡಾಡಿತು. ಅವರ ಜರ್ಸಿಗೆ ಅಂಗಡಿಗಳಲ್ಲಿ ಮುಗಿಬಿದ್ದರು.

ಮರುದಿನ ವಿಲನೂಯೆವಾ ಪತ್ರಕರ್ತರ ಮುಂದೆ ಬಂದು ಬೇಜಾರು ಹೇಳಿಕೊಂಡರು. ಜೊತೆಗಾರರನ್ನು ಹಿಂದೆ ಬಿಟ್ಟು ಅಷ್ಟು ಮುಂದಕ್ಕೆ ಬಂದಿದ್ದು ನನ್ನ ತಪ್ಪು, ಒಬ್ಬನೇ ನಿಂತ ಆ ಫೋಟೋ ನೋಡಿದಾಗಲೆಲ್ಲ ನಾಚಿಕೆಯಾಗುತ್ತದೆ ಎಂದರು. ಅವರನ್ನು ಹೀರೋ ಮಾಡಿ ಇನ್ನೊಬ್ಬರಿಗೆ ಹೊಡೆಯಲು ಕೋಲು ಮಾಡಿಕೊಂಡಿದ್ದ ಜನರಿಗೆ ಈ ಮಾತು ಬೇಕಿರಲಿಲ್ಲ.

ವಿಲನೂಯೆವಾ ನಿಂತಿದ್ದನ್ನು ನಾನು ಪೂರ್ತಿ ಗೌರವಿಸುತ್ತೇನೆ. ಮಗನ ಶವಪೆಟ್ಟಿಗೆ ಮೇಲೆ ಹೊದಿಸಿದ ಬಾವುಟವನ್ನು ಮಡಚಿ ತಾಯಿಯ ಕೈಗೆ ಕೊಡುತ್ತಾರೆ ಆ ದೇಶದಲ್ಲಿ. ಆ ತಾಯಿಗೆ ಮಂಡಿಯೂರಿದವನನ್ನು ನೋಡಿ ಕರುಳು ಹಿಂಡಿದರೆ, ಅದು ರಾಜಕೀಯ ಅಲ್ಲ, ನಿಜವಾದ ನೋವು. ನನ್ನ ತಕರಾರು ಅವರ ಬಗ್ಗೆ ಅಲ್ಲ. ದೇಶಭಕ್ತಿಯನ್ನು ವ್ಯಾಪಾರ ಮಾಡಿಕೊಂಡವರ ಬಗ್ಗೆ.

ಇದು ಸುಮ್ನೆ ಹೇಳುವ ಮಾತಲ್ಲ. 2015ರಲ್ಲಿ ಜಾನ್ ಮೆಕೇನ್ ಮತ್ತು ಜೆಫ್ ಫ್ಲೇಕ್ ಎಂಬ ಇಬ್ಬರು ಸೆನೆಟರ್‌ಗಳು ಒಂದು ವರದಿ ತಂದರು. ಮೈದಾನದಗಲ ಬಾವುಟ ಹರಡೋದು, ಸೈನಿಕರಿಗೆ ಸನ್ಮಾನ, ಇಂಥ ಕಾರ್ಯಕ್ರಮಗಳಿಗೆ ರಕ್ಷಣಾ ಇಲಾಖೆ ಕ್ರೀಡಾ ತಂಡಗಳಿಗೆ 68 ಲಕ್ಷ ಡಾಲರ್ ಕೊಟ್ಟಿತ್ತು. ತಂಡಗಳು ಪ್ರೀತಿಯಿಂದ ಮಾಡುತ್ತಿವೆ ಅಂತ ಪ್ರೇಕ್ಷಕರು ಕಣ್ಣೀರು ಹಾಕುತ್ತಿದ್ದರು. ಬಿಲ್ ತೆರಿಗೆದಾರರ ಹೆಸರಿಗೆ ಹೋಗುತ್ತಿತ್ತು. ಮೆಕೇನ್ ವಿಯೆಟ್ನಾಂ ಯುದ್ಧದಲ್ಲಿ ಐದು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದವರು. ಅವರಿಗೆ ಇದು ಅಸಹ್ಯ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

2018ರ ಮೇನಲ್ಲಿ ಎನ್‌ಎಫ್‌ಎಲ್ ಹೊಸ ನಿಯಮ ತಂದಿತು. ಮೈದಾನದಲ್ಲಿದ್ದರೆ ನಿಲ್ಲಲೇಬೇಕು, ಇಷ್ಟವಿಲ್ಲದಿದ್ದರೆ ಒಳಗಿರಿ. ಎರಡು ತಿಂಗಳಲ್ಲಿ ಅದನ್ನೂ ತಡೆಹಿಡಿದರು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಸತ್ತರು. ಪೊಲೀಸ್ ಅಧಿಕಾರಿಯ ಮಂಡಿ ಅವರ ಕುತ್ತಿಗೆ ಮೇಲಿತ್ತು. ಮಂಡಿ! ಮುಂದಿನ ತಿಂಗಳು ಎನ್‌ಎಫ್‌ಎಲ್ ಮುಖ್ಯಸ್ಥ ರಾಜರ್ ಗುಡೆಲ್, ಆಟಗಾರರ ಮಾತನ್ನು ಮೊದಲೇ ಕೇಳದೆ ತಪ್ಪು ಮಾಡಿದೆವು ಎಂದರು. ಆ ಹೇಳಿಕೆಯಲ್ಲಿ ಕ್ಯಾಪರ್ನಿಕ್ ಹೆಸರೇ ಇರಲಿಲ್ಲ.

[ತೆರೆ ಮೇಲೆ: ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿ]

ಪೀಟರ್ ನಾರ್ಮನ್ 2006ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಶವಪೆಟ್ಟಿಗೆಗೆ ಹೆಗಲು ಕೊಡಲು ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಇಬ್ಬರೂ ಅಮೆರಿಕದಿಂದ ಮೆಲ್ಬರ್ನ್‌ಗೆ ಹೋದರು. ಮೆಕ್ಸಿಕೋದಿಂದ ಮರಳಿದ ಮೇಲೆ ನಾರ್ಮನ್ ಅವರನ್ನು ನಡೆಸಿಕೊಂಡ ರೀತಿಗೆ ಆಸ್ಟ್ರೇಲಿಯಾದ ಸಂಸತ್ತು 2012ರಲ್ಲಿ ಕ್ಷಮೆ ಕೇಳಿತು. ಅವರ 20.06 ಸೆಕೆಂಡಿನ ಓಟ 2024ರವರೆಗೂ ಆಸ್ಟ್ರೇಲಿಯಾದ ದಾಖಲೆಯಾಗಿ ಉಳಿದಿತ್ತು.

ಸ್ಮಿತ್ ಮತ್ತು ಕಾರ್ಲೋಸ್ ಓದಿದ ಈ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಅವರ ದೊಡ್ಡ ಪ್ರತಿಮೆ ನಿಂತಿತು. ಮುಷ್ಟಿ ಎತ್ತಿದ್ದಾರೆ, ಕಾಲಿಗೆ ಶೂ ಇಲ್ಲ. ಎರಡನೇ ಸ್ಥಾನದ ಮೆಟ್ಟಿಲು ಮಾತ್ರ ಖಾಲಿ. ನಾರ್ಮನ್ ತಾವಿದ್ದಾಗಲೇ ಹೇಳಿದ್ದರು: ನನ್ನ ಪ್ರತಿಮೆ ಬೇಡ, ಬಂದವರು ಅಲ್ಲಿ ನಿಲ್ಲಲಿ. ವಿದ್ಯಾರ್ಥಿಗಳು ಇವತ್ತಿಗೂ ಅದನ್ನು ಹತ್ತಿ, ಆ ಇಬ್ಬರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

[ತೆರೆ ಮೇಲೆ: ಖಾಲಿ ಮೆಟ್ಟಿಲು. ಸದ್ದಿಲ್ಲ.]