ಮೊದಲ ಸಲ ಯಾವಾಗ ಬಂತು?

ಕೇಳುಗರಿಗೆ ನಮಸ್ಕಾರ.

ಟಿವಿ ಕಾರ್ಯಕ್ರಮಗಳ ಚರಿತ್ರೆಯ ಬಗ್ಗೆ ರೇಡಿಯೊದಲ್ಲಿ ಎಂಥ ಮಾತು ಎಂದು ಅಡಿಕೆ ಸುಲಿಯುತ್ತಲೋ ಮೀನು ಹೆಚ್ಚುತ್ತಲೋ ಕೂತವರು ಕೇಳಬಹುದು. ಟಿವಿ ಎದುರು ಕೂತವರಿಗೆ ಮಾತು ಕೇಳಿಸುವುದಿಲ್ಲ, ಅದಕ್ಕೇ ಇಲ್ಲಿ ಹೇಳುವುದು.

ಅಂಕೋಲೆಯಲ್ಲೋ ಸಿದ್ದಾಪುರದಲ್ಲೋ ಯಾರನ್ನಾದರೂ ಕೇಳಿ ನೋಡಿ, "ಮಾಲ್ಗುಡಿ ಡೇಸ್ ಟಿವಿಯಲ್ಲಿ ಬಂದದ್ದು ಯಾವಾಗ?" ಒಬ್ಬರು ಹೇಳುತ್ತಾರೆ, "ಅದಾ, ನಮ್ಮ ಮಾಣಿ ಉಪನಯನ ಆದ ವರ್ಷ." ಇನ್ನೊಬ್ಬರು, "ಹೊಸ ಮನೆ ಒಕ್ಕಲಾದ ಮರುವರ್ಷ." ಉತ್ತರ ಚೆಂದ ಇದೆ, ಉಪಯೋಗ ಇಲ್ಲ. ಅದನ್ನು ನಿರ್ದೇಶಿಸಿದ ಶಂಕರ್ ನಾಗ್ ಹೊನ್ನಾವರ ತಾಲೂಕಿನಲ್ಲಿ ಹುಟ್ಟಿದವರು ಎನ್ನುವುದನ್ನು ನಾವೆಲ್ಲ ಎದೆಯುಬ್ಬಿಸಿ ಹೇಳುತ್ತೇವೆ. ಇಸವಿ ಕೇಳಿದರೆ ಮಾತ್ರ ಮುಖ ಮುಖ ನೋಡುತ್ತೇವೆ.

ಇವತ್ತು ನಾನು ಹೇಳುವುದು ಒಂದೇ ವಿಷಯ. ಕಾರ್ಯಕ್ರಮ ಯಾವುದೇ ಇರಲಿ, ಅದು ಮೊದಲ ಸಲ ಪ್ರಸಾರವಾದ ತಾರೀಖು, ತಿಂಗಳು, ಇಸವಿ ಬರೆದಿಡಿ. ಪಾತ್ರ ಮಾಡಿದವರ ಹೆಸರು ಆಮೇಲಾದರೂ ಸಿಗುತ್ತದೆ. ಕಥೆಯನ್ನು ಯಾರಾದರೂ ಹೇಳಿಯಾರು. ತಾರೀಖು ಹೋದರೆ ಹೋಯಿತು.

ಇದಕ್ಕೆ ದೊಡ್ಡ ಸಲಕರಣೆ ಬೇಡ. ಇನ್ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್ ಸಾಕು. ಒಂದು ಕಾರ್ಯಕ್ರಮಕ್ಕೆ ಒಂದು ಪುಟ, ಎಡಪುಟ ಖಾಲಿ ಇರಲಿ. ತಿದ್ದುಪಡಿ ಬಂದೇ ಬರುತ್ತದೆ. ಮೇಲೆ ಹೆಸರು. ಅದರ ಕೆಳಗೆ ಮೊದಲ ಪ್ರಸಾರದ ದಿನಾಂಕ, ಕೊನೆಯ ಕಂತಿನ ದಿನಾಂಕ, ಒಟ್ಟು ಕಂತು, ಯಾವ ವಾರ, ಎಷ್ಟು ಗಂಟೆಗೆ, ಯಾವ ಚಾನೆಲ್, ನಿರ್ದೇಶಕರು ಯಾರು, ಸ್ವಂತ ಕಥೆಯೋ ಬೇರೆ ಭಾಷೆಯದೋ. ಎಲ್ಲಕ್ಕಿಂತ ಕೆಳಗೆ, ಈ ಮಾಹಿತಿ ನಿಮಗೆ ಎಲ್ಲಿಂದ ಸಿಕ್ಕಿತು. ಆ ಕೊನೆಯ ಸಾಲನ್ನು ಹತ್ತರಲ್ಲಿ ಒಂಬತ್ತು ಜನ ಬಿಡುತ್ತಾರೆ. ಎರಡು ವರ್ಷ ಕಳೆದು ಅನುಮಾನ ಬಂದಾಗ ಎಲ್ಲಿಗೆ ಹೋಗಿ ನೋಡುವುದು?

ಅಚ್ಚಾದ ಕಾಗದದಲ್ಲಿ ಕಂಡದ್ದನ್ನು ಪೆನ್ನಿನಲ್ಲಿ ಬರೆಯಿರಿ, ಬಾಯಲ್ಲಿ ಕೇಳಿದ್ದನ್ನು ಪೆನ್ಸಿಲಿನಲ್ಲಿ. ಇದೊಂದು ಪಾಲಿಸಿದರೆ ಅರ್ಧ ತಪ್ಪು ಕಡಿಮೆ.

ಅಚ್ಚಾದ ಕಾಗದ ಎಲ್ಲಿದೆ ಎಂದು ಕೇಳಬೇಡಿ, ನಿಮ್ಮ ಮನೆಯಲ್ಲೇ ಇದೆ. ಟ್ರಂಕಿನ ತಳಕ್ಕೆ ಹಾಸಿದ ಹಳೆ ಪೇಪರು ಎತ್ತಿ ನೋಡಿ. ಒಳಪುಟದ ಮೂಲೆಯಲ್ಲಿ "ಇಂದಿನ ದೂರದರ್ಶನ" ಎಂಬಂಥ ಪುಟ್ಟ ಚೌಕ ಇದ್ದರೆ ಚಿನ್ನ ಸಿಕ್ಕಂತೆ. ಪುಟದ ನೆತ್ತಿಯಲ್ಲಿ ತಾರೀಖು ಇರುತ್ತದೆ, ಅದನ್ನು ಬಿಟ್ಟು ಚೌಕ ಮಾತ್ರ ಕತ್ತರಿಸಿ ಅಂಟಿಸಬೇಡಿ. ತಾರೀಖಿಲ್ಲದ ತುಣುಕು ಕಸ. ನಮ್ಮ ಕಡೆ ಯಕ್ಷಗಾನದ ಹ್ಯಾಂಡ್‌ಬಿಲ್ಲುಗಳ ಗತಿಯೂ ಇದೇ. ಪ್ರಸಂಗ, ಭಾಗವತರು, ವೇಷಧಾರಿಗಳು, ಶನಿವಾರ ರಾತ್ರಿ ಒಂಬತ್ತೂವರೆ, ಎಲ್ಲ ಇರುತ್ತದೆ. ಎಷ್ಟೋ ಹ್ಯಾಂಡ್‌ಬಿಲ್ಲಿನಲ್ಲಿ ಇಸವಿ ಮಾತ್ರ ಇರುವುದಿಲ್ಲ.

ಪೇಪರು ಇಲ್ಲದಿದ್ದರೆ ಲಗ್ನಪತ್ರಿಕೆ ಹುಡುಕಿ. "ನಮ್ಮ ಅಕ್ಕನ ಮದುವೆ ಹೊತ್ತಿಗೆ ರಾಮಾಯಣ ಬರುತ್ತಿತ್ತು" ಎಂದರೆ ಅಕ್ಕನ ಲಗ್ನಪತ್ರಿಕೆಯೇ ಸಾಕ್ಷಿ. ಆದರೆ ಅಲ್ಲೊಂದು ಗುಂಡಿ ಇದೆ. ಪತ್ರಿಕೆಯಲ್ಲಿ ಸಂವತ್ಸರ ಇರುತ್ತದೆ, ಸಂವತ್ಸರ ತಿರುಗುವುದು ಯುಗಾದಿಗೆ. ಅಕ್ಷಯ ಸಂವತ್ಸರ 1986ರ ಯುಗಾದಿಗೆ ಶುರುವಾಗಿ 1987ರ ಯುಗಾದಿಗೆ ಮುಗಿಯಿತು. ಹಾಗಾಗಿ ಅಕ್ಷಯದ ಮಾಘ ಮಾಸ ಎಂದಿದ್ದರೆ ಅದು 1987, 1986 ಅಲ್ಲ. ಒಂದು ವರ್ಷದ ತಪ್ಪುಗಳೆಲ್ಲ ಬಹುಪಾಲು ಇಲ್ಲೇ ಹುಟ್ಟುವುದು. ಶಿರಸಿ ಕಡೆಯವರಿಗೆ ಇನ್ನೊಂದು ಅನುಕೂಲ: ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. "ಜಾತ್ರೆ ವರ್ಷ" ಎಂದು ನೆನಪಿದ್ದರೆ ಅರ್ಧ ಇಸವಿಗಳು ತಾವಾಗಿಯೇ ಬಿಟ್ಟುಹೋದವು. ಕರಾವಳಿಯವರು ರೈಲು ಹಿಡಿಯಿರಿ. ಕೊಂಕಣ ರೈಲು ಪೂರ್ತಿ ಹಾದಿಯಲ್ಲಿ ಓಡತೊಡಗಿದ್ದು 1998ರಲ್ಲಿ. ಆ ಧಾರಾವಾಹಿ ರೈಲಿಗಿಂತ ಮೊದಲೋ ಆಮೇಲೋ ಎಂದು ಕೇಳಿದರೆ ಎಂಥ ಮರೆಗುಳಿಗೂ ಉತ್ತರ ಹೊಳೆಯುತ್ತದೆ.

ಈಗ ಲೆಕ್ಕದ ಕೆಲಸ. ರಾಮಾಯಣ ದೂರದರ್ಶನದಲ್ಲಿ ಮೊದಲು ಬಂದದ್ದು 1987ರ ಜನವರಿ 25, ಭಾನುವಾರ. ಮುಗಿದದ್ದು 1988ರ ಜುಲೈ 31, ಅದೂ ಭಾನುವಾರ. ಕಂತು 78. ಕ್ಯಾಲೆಂಡರ್ ಹಿಡಿದು ಎಣಿಸಿ, ನಡುವೆ ಎರಡೂ ತುದಿ ಸೇರಿ 80 ಭಾನುವಾರ. ವಾರಕ್ಕೊಂದು ಕಂತಾದರೆ ಎರಡು ವಾರ ಬಿಡುವು, ಸರಿಹೊಂದುತ್ತದೆ. ಮಹಾಭಾರತಕ್ಕೆ ಬನ್ನಿ. 1988ರ ಅಕ್ಟೋಬರ್ 2ರಿಂದ 1990ರ ಜೂನ್ 24, ಕಂತು 94. ಭಾನುವಾರ ಎಣಿಸಿದರೆ 91! ವಾರಕ್ಕಿಂತ ಕಂತು ಹೆಚ್ಚು. ಒಂದೇ ದಿನ ಎರಡು ಕಂತು ತೋರಿಸಿರಬೇಕು, ಇಲ್ಲವೇ ಎಣಿಸಿದ ಕ್ರಮ ಬೇರೆ ಇರಬೇಕು. ಆ ಪುಟಕ್ಕೊಂದು ಪ್ರಶ್ನೆ ಚಿಹ್ನೆ ಹಾಕಿ, ಪೆನ್ಸಿಲಿನಲ್ಲಿ. ಹಮ್ ಲೋಗ್ ಶುರುವಾದದ್ದು 1984ರ ಜುಲೈ 7 ಎನ್ನುವುದರಲ್ಲಿ ಜಗಳ ಇಲ್ಲ, ಕಂತು ಮಾತ್ರ ಒಂದು ಕಡೆ 154, ಇನ್ನೊಂದು ಕಡೆ 156. ಮಾಲ್ಗುಡಿ ಡೇಸ್ 39 ಎಂದವರೂ ಸರಿ, 54 ಎಂದವರೂ ಸರಿ. 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶಿಸಿದ 15 ಕಂತು ಅದಕ್ಕೆ ಸೇರಿತು. ಮೊದಲ 39 ಕಂತಿನ ಇಸವಿ ಒಬ್ಬರು 1986 ಎನ್ನುತ್ತಾರೆ, ಇನ್ನೊಬ್ಬರು 1987. ತಯಾರಾದ ವರ್ಷ ಬೇರೆ, ಮನೆಗೆ ಬಂದ ವರ್ಷ ಬೇರೆ. ನಮಗೆ ಬೇಕಾದದ್ದು ಮನೆಗೆ ಬಂದ ತಾರೀಖು. ಮೊದಲ ಸಲ.

ಮೊದಲ ಸಲ ಎಂದು ಒತ್ತಿ ಹೇಳುತ್ತಿದ್ದೇನೆ. 2020ರ ಮಾರ್ಚ್ 28ರಿಂದ ಲಾಕ್‌ಡೌನಿನಲ್ಲಿ ರಾಮಾಯಣ ಮತ್ತೆ ಬಂತಲ್ಲ, ಈಗಿನ ಮಕ್ಕಳಿಗೆ ಅದೇ ರಾಮಾಯಣ. ಮರುಪ್ರಸಾರಕ್ಕೆ ಎಡಪುಟ ಇದೆ, ಅಲ್ಲಿ ಬರೆಯಿರಿ.

ಜಗತ್ತಿನ ಕಥೆ ಬೇಗ ಹೇಳಿಬಿಡುತ್ತೇನೆ. ಲಂಡನ್ನಿನಲ್ಲಿ ಜಾನ್ ಲೋಗಿ ಬೇರ್ಡ್ ಟಿವಿಯನ್ನು ವಿದ್ವಾಂಸರ ಎದುರು ತೋರಿಸಿದ್ದು 1926ರ ಜನವರಿ 26. ಬಿಬಿಸಿ ನಿಯಮಿತ ಪ್ರಸಾರ ಶುರುಮಾಡಿದ್ದು 1936ರ ನವೆಂಬರ್ 2. ಯುದ್ಧಕ್ಕಾಗಿ 1939ರ ಸೆಪ್ಟೆಂಬರ್ 1ಕ್ಕೆ ನಿಲ್ಲಿಸಿ, ಮತ್ತೆ ತೆರೆದದ್ದು 1946ರ ಜೂನ್ 7. ಅಮೆರಿಕದ ಗೈಡಿಂಗ್ ಲೈಟ್ ಎಂಬ ಧಾರಾವಾಹಿ ಹುಟ್ಟಿದ್ದು ನಮ್ಮ ಮನೆಯಲ್ಲಿ, ಅಂದರೆ ರೇಡಿಯೊದಲ್ಲಿ, 1937ರ ಜನವರಿ 25. ರಾಮಾಯಣಕ್ಕೆ ಸರಿಯಾಗಿ ಐವತ್ತು ವರ್ಷ ಮೊದಲು, ಅದೇ ತಾರೀಖು. 1952ರಲ್ಲಿ ಟಿವಿಗೆ ಹೋಯಿತು, 2009ರವರೆಗೆ ಎಳೆಯಿತು. ನಮ್ಮ ಧಾರಾವಾಹಿ ಉದ್ದ ಎಂದು ಬೈಯುವವರು ಇದನ್ನು ಗಮನಿಸಿ.

ಭಾರತದಲ್ಲಿ ಟಿವಿ ಶುರುವಾದದ್ದು 1959ರ ಸೆಪ್ಟೆಂಬರ್ 15, ದೆಹಲಿಯಲ್ಲಿ. ಕೃಷಿ ದರ್ಶನ 1967ರ ಜನವರಿ 26. ಕನ್ನಡ ನಾಡಿಗೆ ಟಿವಿ ಬಂದದ್ದು 1981ರ ನವೆಂಬರ್ 1ರಂದು ಬೆಂಗಳೂರಿಗೆ ಎಂದು ಬಹಳ ಜನ ಬರೆದುಬಿಡುತ್ತಾರೆ. ಬೆಂಗಳೂರು ಕೇಂದ್ರದ ತಾರೀಖು ಅದು ಸರಿ. ಆದರೆ 1975ರ ಆಗಸ್ಟ್ 1ರಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಪ್ರಸಾರ ನಡೆದಾಗ ರಾಯಚೂರು, ಗುಲಬರ್ಗಾ, ವಿಜಾಪುರ ಜಿಲ್ಲೆಯ ಹಳ್ಳಿಗಳು ಅದರಲ್ಲಿದ್ದವು. ರಾಜಧಾನಿಗಿಂತ ಮೊದಲು ಟಿವಿ ನೋಡಿದ್ದು ಹಳ್ಳಿ! ಇಸವಿ ಬರೆದಿಟ್ಟಿದ್ದಕ್ಕೆ ಇದು ಗೊತ್ತಾಯಿತು.

ಖಾಸಗಿ ಚಾನೆಲ್‌ಗಳಲ್ಲಿ ಉದಯ 1994, ಈಟಿವಿ ಕನ್ನಡ 2000, ಜೀ ಕನ್ನಡ 2006, ಸುವರ್ಣ 2007. ಚಂದನದ ಥಟ್ ಅಂತ ಹೇಳಿ 2002ರದು. ಇಲ್ಲಿ ಎಡವುವುದು ಚಾನೆಲಿನ ಹೆಸರಿನಲ್ಲಿ. ಬಿಗ್ ಬಾಸ್ ಮೊದಲ ಸರಣಿ 2013ರಲ್ಲಿ ಈಟಿವಿ ಕನ್ನಡ, ಎರಡನೆಯದು 2014ರಲ್ಲಿ ಸುವರ್ಣ, ಮೂರನೆಯದು 2015ರಲ್ಲಿ ಕಲರ್ಸ್ ಕನ್ನಡ. ಮೂರು ಚಾನೆಲ್ ಸುತ್ತಿತು ಎಂದು ಬರೆದರೆ ತಪ್ಪು. ಈಟಿವಿ ಕನ್ನಡವೇ 2015ರಲ್ಲಿ ಕಲರ್ಸ್ ಕನ್ನಡ ಆಯಿತು, ಚಾನೆಲ್ ಎರಡೇ. ಆ ದಿನ ಪರದೆಯ ಮೂಲೆಯಲ್ಲಿ ಯಾವ ಹೆಸರಿತ್ತೋ ಅದನ್ನೇ ಬರೆಯಿರಿ, ಈಗಿನ ಹೆಸರು ಎಡಪುಟಕ್ಕೆ.

ಇಷ್ಟೆಲ್ಲ ಯಾಕೆ ಎಂದರೆ, ಬಿಬಿಸಿಯ ಡಾಕ್ಟರ್ ಹೂ ಎಂಬ ಧಾರಾವಾಹಿಯ ಕಥೆ ಹೇಳಲೇಬೇಕು. ಮೊದಲ ಕಂತು 1963ರ ನವೆಂಬರ್ 23. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿ ಕೊಲೆಯಾಗಿತ್ತು. ಊರೆಲ್ಲ ಆ ಸುದ್ದಿಯಲ್ಲಿ ಮುಳುಗಿದ್ದರಿಂದ ಮುಂದಿನ ವಾರ ಮೊದಲ ಕಂತನ್ನೇ ಇನ್ನೊಮ್ಮೆ ತೋರಿಸಿ ಆಮೇಲೆ ಎರಡನೆಯದನ್ನು ಹಾಕಿದರು. ಆಗ ಚಿತ್ರ ಹಿಡಿಯುತ್ತಿದ್ದದ್ದು ಎರಡು ಇಂಚು ಅಗಲದ ಟೇಪಿನಲ್ಲಿ. ಅದು ವಿಪರೀತ ದುಬಾರಿ. ಪ್ರಸಾರ ಮುಗಿಯಿತೋ, ಅಳಿಸಿ ಅದೇ ಟೇಪಿಗೆ ಇನ್ನೊಂದು ಕಾರ್ಯಕ್ರಮ. ಒಂದೇ ಸ್ಲೇಟಿನಲ್ಲಿ ಮಕ್ಕಳು ಬರೆದು ಒರೆಸಿದ ಹಾಗೆ. ಬೇರೆ ದೇಶಗಳಿಗೆ ಮಾರಲು 16 ಮಿಲಿಮೀಟರ್ ಫಿಲ್ಮಿನಲ್ಲಿ ಪ್ರತಿ ತೆಗೆದಿದ್ದರು. ಮಾರಾಟದ ಅವಧಿ ಮುಗಿದ ಮೇಲೆ ಅವುಗಳನ್ನೂ ಎಸೆದರು. 1978ರ ಹೊತ್ತಿಗೆ ನಿಲ್ಲಿಸಿ ಎಂದು ಯಾರಿಗೋ ಬುದ್ಧಿ ಬಂತು. ಆ ಹೊತ್ತಿಗೆ ಮೊದಲ ಆರು ವರ್ಷದ 253 ಕಂತುಗಳಲ್ಲಿ ಎಷ್ಟೋ ಮಾಯ. ಹುಡುಕಿ ಹುಡುಕಿ ತಂದ ಮೇಲೂ ನೂರರ ಹತ್ತಿರ ಇನ್ನೂ ಸಿಕ್ಕಿಲ್ಲ.

ಚಿತ್ರ ಹೋಯಿತು, ಧ್ವನಿ ಹೋಗಲಿಲ್ಲ. ನೋಡುಗ ಹುಡುಗರು ಮನೆಯ ಟಿವಿ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಪ್ರತಿ ಕಂತಿನ ಧ್ವನಿ ಹಿಡಿದಿದ್ದರು. ಇವತ್ತು ಕಳೆದುಹೋದ ಒಂದೊಂದು ಕಂತಿನ ಧ್ವನಿಯೂ ಇದೆ! ಎಲ್ಲ ಮನೆಮಂದಿಯ ಕೆಲಸ. ಇನ್ನು ಫಿಲ್ಮಿನ ಡಬ್ಬಿಗಳು ಒಂದು ದೇಶದ ಕೇಂದ್ರದಿಂದ ಮತ್ತೊಂದು ದೇಶದ ಕೇಂದ್ರಕ್ಕೆ ಸಾಗುತ್ತಿದ್ದವು, ನಮ್ಮಲ್ಲಿ ಸಿನಿಮಾ ರೀಲು ಒಂದು ಟೆಂಟಿನಿಂದ ಇನ್ನೊಂದಕ್ಕೆ ಹೋದ ಹಾಗೆ. ಯಾವ ಡಬ್ಬಿ ಯಾವ ತಿಂಗಳು ಎಲ್ಲಿಗೆ ಹೋಯಿತು ಎಂಬ ಕಾಗದ ಉಳಿದಿತ್ತು. ಅದರ ಜಾಡು ಹಿಡಿದ ಫಿಲಿಪ್ ಮಾರಿಸ್ ಎಂಬವರು ನೈಜೀರಿಯಾದ ಜೋಸ್ ನಗರದ ಟಿವಿ ಕೇಂದ್ರದ ಉಗ್ರಾಣಕ್ಕೆ ಹೋದರು. ದೂಳು ಒರೆಸಿದರೆ ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಕಾರ್ಯಕ್ರಮದ ಹೆಸರು. 2013ರಲ್ಲಿ ಒಂಬತ್ತು ಕಂತು ಹೀಗೆ ಮರಳಿ ಬಂದವು. ಬರೆದಿತ್ತು, ಸಿಕ್ಕಿತು. ಹೆಸರಿಲ್ಲದ ಡಬ್ಬಿಯಾಗಿದ್ದರೆ ಗುಜರಿಗೆ.

ನಿಲಯದವರು ಗಡಿಯಾರ ತೋರಿಸುತ್ತಿದ್ದಾರೆ. ಡಬ್ಬಿಂಗ್, ರೀಮೇಕು, ಶೀರ್ಷಿಕೆ ಗೀತೆ ಎಲ್ಲ ಹೇಳುವುದಿತ್ತು, ಬಿಡಿ. ಕ್ಯಾಸೆಟ್ಟಿನ ವಿಷಯ ಮಾತ್ರ ಹೇಳದೆ ಏಳುವುದಿಲ್ಲ.

ನಿಮ್ಮ ಅಟ್ಟದ ಮೇಲೆ ಹಳೆ ವಿಎಚ್‌ಎಸ್ ಕ್ಯಾಸೆಟ್ಟು ಇದ್ದೀತು, ಮದುವೆಯದೋ, ಮದುವೆಯ ಹಿಂದೆ ಯಾರೋ ಹಿಡಿದ ಧಾರಾವಾಹಿಯದೋ. ಇ-180 ಎಂದಿದ್ದರೆ ಮೂರು ಗಂಟೆಯದು, ಒಂದು ಗಂಟೆಗೇ ಮುಗಿಯಿತು ಎಂದು ಎದ್ದುಬಿಡಬೇಡಿ; ಕೊನೆಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಮಳೆಗಾಲದ ಹಸಿಗೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಬೆಳಕಿಗೆ ಹಿಡಿದು ನೋಡಿ, ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಪ್ಲೇಯರಿಗೆ ಹಾಕಲೇಬೇಡಿ. ಟೇಪು ಹರಿಯುತ್ತದೆ, ಬೂಷ್ಟು ಹೆಡ್ಡಿಗೆ ಅಂಟಿ ಮುಂದೆ ಹಾಕಿದ ಕ್ಯಾಸೆಟ್ಟಿಗೂ ಹತ್ತುತ್ತದೆ. ಅಂಥದ್ದನ್ನು ಬೇರೆ ಡಬ್ಬಿಯಲ್ಲಿ ಇಟ್ಟು, ಸ್ವಚ್ಛ ಮಾಡಲು ತಿಳಿದವರ ಕೈಗೇ ಕೊಡಿ. ಚೆನ್ನಾಗಿರುವುದನ್ನು ಒಂದು ತುದಿಗೆ ಪೂರ್ತಿ ಸುತ್ತಿ, ಪುಸ್ತಕದ ಹಾಗೆ ನಿಲ್ಲಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಹಸಿ ಕುಡಿದಿದೆ, ಪೊಟ್ಟಣ ಬದಲಿಸಿ. ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತದಲ್ಲ, ಅದನ್ನು ಮುರಿದುಬಿಡಿ. ಮುರಿದರೆ ಅದರ ಮೇಲೆ ಬೇರೆಯದು ರೆಕಾರ್ಡ್ ಆಗುವುದಿಲ್ಲ.

ಕಂಪ್ಯೂಟರಿಗೆ ಇಳಿಸುವುದಾದರೆ ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು, ಅವಸರದ ದಾರಿ ಇಲ್ಲ. ಇಳಿಸುವಾಗ ನಡುವಿನ ಜಾಹೀರಾತು, ಸುದ್ದಿಯ ತುಣುಕು ಕತ್ತರಿಸಬೇಡಿ. ಎಷ್ಟೋ ಸಲ ಸುದ್ದಿ ಓದುವವರ ಬಾಯಲ್ಲೇ ಆ ದಿನದ ತಾರೀಖು ಇರುತ್ತದೆ. ಕೇಳಿದ ಕೂಡಲೇ ನಿಲ್ಲಿಸಿ, ಕ್ಯಾಸೆಟ್ಟಿನ ಪಟ್ಟಿಯ ಮೇಲೆ ಬರೆಯಿರಿ. ಇಸವಿ ಸಹಿತ.

ನಮಸ್ಕಾರ.