ಬಡಿಗತನದ ಬೆಂಚಿಗೆ ಸಾಗವಾನಿ ಬೇಡ, ಕರಿಜಾಲಿ ಹಾಕಿ

ನಮಸ್ಕಾರ ಗೆಳೆಯರೆ. ಬಾಗಲಕೋಟೆಯಿಂದ ಮಾತಾಡುತ್ತಿದ್ದೇನೆ.

ಮರಗೆಲಸ ಕಲಿಯೋಕೆ ಹೊರಟ ಹುಡುಗರು ಮೊದಲು ಮಾಡಿಕೊಳ್ಳಬೇಕು ಅನ್ನುವುದು ಒಂದು ಗಟ್ಟಿ ವರ್ಕ್‌ಬೆಂಚ್, ಅಂದರೆ ಮರ ಇಟ್ಟು ಕೆಲಸ ಮಾಡುವ ಮೇಜು. ಮೊದಲು ಕೇಳುವುದು, ಸಾಗವಾನಿ ಸಿಎಫ್‌ಟಿಗೆ (ಘನ ಅಡಿಗೆ) ಎಷ್ಟು ಅಂತ. ನನ್ನ ಮಾತು ಕೇಳಿ. ಬೆಂಚಿಗೆ ಸಾಗವಾನಿ ಬೇಡ. ಆ ದುಡ್ಡು ಒಳ್ಳೆಯ ಉಳಿಗೆ, ಮರ ಕಚ್ಚಿ ಹಿಡಿಯುವ ಒಳ್ಳೆಯ ವೈಸ್‌ಗೆ ಇರಲಿ. ಬೆಂಚಿಗೆ ನಮ್ಮ ಎರೆಹೊಲದ ಕರಿಜಾಲಿ ಸಾಕು. ಸಾಕು ಅನ್ನುವುದಲ್ಲ, ಅದೇ ಮೇಲು.

ಸಾಗವಾನಿ ಕೆಟ್ಟ ಮರ ಅಂತಲ್ಲ. ಮಳೆ ತಡೆಯುತ್ತದೆ, ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ, ಒಣಗಿದ ಮೇಲೆ ಸೊಟ್ಟಗಾಗುವುದು ಕಡಿಮೆ. ಬಾಗಿಲಿಗೆ, ಚೌಕಟ್ಟಿಗೆ ಬಹಳ ಒಳ್ಳೆಯದು. ಆದರೆ ಬೆಂಚ್ ಮಳೆಯಲ್ಲಿ ನಿಲ್ಲುವುದಿಲ್ಲ ಅಲ್ವಾ? ಅದರ ಕೆಲಸವೇ ಬೇರೆ. ಕೊಡತಿ, ಅಂದರೆ ಮರದ ಸುತ್ತಿಗೆಯ ಏಟು ತಿನ್ನಬೇಕು. ಮರ ನಯ ಮಾಡುವ ಕೀಸುಳಿಯನ್ನು ಜೋರಾಗಿ ಹೊಡೆದರೂ ಜಾಗ ಬಿಟ್ಟು ಜಾರಬಾರದು. ಅದಕ್ಕೆ ಬೇಕಾದದ್ದು ತೂಕ ಮತ್ತು ಗಡಸು. ಹೋಗಲಿ, ಈಗ ಅಗ್ಗಕ್ಕೆ ಸಿಗುವ ಸಾಗವಾನಿಯಾದರೂ ಎಂಥದ್ದು? ಎಳೆ ಮರ, ತಿರುಳು ಕಡಿಮೆ, ಬಿಳಿ ಭಾಗವೇ ಜಾಸ್ತಿ.

ಲೆಕ್ಕ ಹಾಕಿ ನೋಡೋಣ. 6 ಅಡಿ ಉದ್ದ, 2 ಅಡಿ ಅಗಲ, 3 ಇಂಚು ದಪ್ಪದ ಹಲಗೆ ಅಂದರೆ 3 ಸಿಎಫ್‌ಟಿ. ಒಣಗಿದ ಸಾಗವಾನಿ ಸಿಎಫ್‌ಟಿಗೆ ಸುಮಾರು 18 ಕಿಲೋ ತೂಗುತ್ತದೆ. ಜಾಲಿ 22ರಿಂದ 23 ಕಿಲೋ. ಬರೀ ಮೇಲಿನ ಹಲಗೆಯಲ್ಲೇ ಹನ್ನೆರಡರಿಂದ ಹದಿನೈದು ಕಿಲೋ ವ್ಯತ್ಯಾಸ. ಕಾಲು, ಅಡ್ಡಪಟ್ಟಿ ಸೇರಿದರೆ ಇನ್ನೂ ಹೆಚ್ಚು. ಆ ಭಾರಕ್ಕೆ ಬೆಂಚ್ ಅಲುಗುವುದಿಲ್ಲ.

ನಮ್ಮ ಹಳೆಯ ಬಡಿಗೇರರು ಬೆಂಚ್ ಇಟ್ಟುಕೊಂಡವರಲ್ಲ. ನೆಲದ ಮೇಲೆ ಕೂತು, ಕಾಲಿನಿಂದ ಮರ ಒತ್ತಿ ಹಿಡಿದು ಕೆಲಸ ಮಾಡಿದವರು. ಹಾಗಾಗಿ ಬೆಂಚಿಗೆ ಯಾವ ಮರ ಅಂತ ಅವರಿಂದ ನೇರವಾಗಿ ಕಲಿಯೋಕೆ ಆಗುವುದಿಲ್ಲ. ಆದರೆ ಪೆಟ್ಟು ತಿನ್ನುವ ಮರ ಯಾವುದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನೇಗಿಲು, ಕುಂಟೆ, ಚಕ್ಕಡಿಯ ಗಾಲಿ, ಇವುಗಳಿಗೆ ಜಾಲಿಯನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಹೇರು ತುಂಬಿದ ಬಂಡಿಯನ್ನು ಕಲ್ಲುದಾರಿಯಲ್ಲಿ ಹೊತ್ತು ನಡೆದ ಮರ ಅದು. ಕೊಡತಿ ಏಟು ಅದಕ್ಕೆ ಯಾವ ಲೆಕ್ಕ!

ಒಂದು ವಿಷಯ ಗಮನದಲ್ಲಿರಲಿ. ನಾನು ಹೇಳುತ್ತಿರುವುದು ಕರಿಜಾಲಿ, ಬಳ್ಳಾರಿ ಜಾಲಿ ಅಲ್ಲ. ಬಳ್ಳಾರಿ ಜಾಲಿಯೂ ಗಟ್ಟಿಯೇ, ಆದರೆ ನೆಟ್ಟಗಿನ ತುಂಡು ಸಿಗುವುದು ಕಷ್ಟ.

ಕರಿಜಾಲಿಯ ದೊಡ್ಡ ಕಾಟ ಹುಳ. ಕೆಂಪು ತಿರುಳು ಬಾಳುತ್ತದೆ, ಹೊರಗಿನ ಬಿಳಿ ಭಾಗ ಹಿಟ್ಟಾಗಿ ಉದುರುತ್ತದೆ. ಆ ಬಿಳಿಯಲ್ಲಿರುವ ಪಿಷ್ಟವೇ ಹುಳಕ್ಕೆ ಊಟ. ಅದಕ್ಕೇ ಹಿಂದಿನವರು ದಿಮ್ಮಿಯನ್ನು ಕೆರೆಯಲ್ಲೋ ಹೊಂಡದಲ್ಲೋ ವಾರಗಟ್ಟಲೆ ಮುಳುಗಿಸಿಡುತ್ತಿದ್ದರು. ನೀವು ಸಾಮಿಲ್‌ನಲ್ಲಿ ಕೊಯ್ಯಿಸುವಾಗಲೇ ಬಿಳಿ ಭಾಗ ತೆಗೆಸಿಬಿಡಿ. ಅಲ್ಲಿ ಜಿಪುಣತನ ಬೇಡ. ಮರ ಹಸಿ ಇರುವಾಗಲೇ ಕೊಯ್ಯಿಸಿ, ಒಣಗಿದ ಜಾಲಿ ಗರಗಸಕ್ಕೆ ಬಗ್ಗುವುದಿಲ್ಲ.

ಅಗಲವಾದ ಹಲಗೆಗೆ ಆಸೆ ಪಡಬೇಡಿ. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆಂಬಷ್ಟು ಕಡಿಮೆ, ಅಗಲಕ್ಕೆ ಕುಗ್ಗುತ್ತದೆ. ಒಂದೂವರೆ ಇಂಚು ದಪ್ಪದ ಪಟ್ಟಿ ಕೊಯ್ಯಿಸಿ, ಒಣಗಿದ ಮೇಲೆ ಒಂದರ ಪಕ್ಕ ಒಂದು ನಿಲ್ಲಿಸಿ ಫೆವಿಕಾಲ್ ಹಾಕಿ ಬಿಗಿಯಿರಿ. ಒಂದು ಪಟ್ಟಿ ತಿರುಚಿಕೊಳ್ಳೋಕೆ ನೋಡಿದರೂ ಪಕ್ಕದವು ಬಿಡುವುದಿಲ್ಲ.

ಒಣಗಿಸುವುದರಲ್ಲಿ ಅವಸರ ಮಾಡಿದರೆ ಎಂಥ ಮರ ತಂದರೂ ದಂಡ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಅಂದಾಜು. ನಮ್ಮ ಕಡೆ ಬಿಸಿಲು ಜೋರು, ಬೇಗ ಒಣಗುತ್ತದೆ ಅಂತ ಅಂಗಳದಲ್ಲಿ ಹರವಿದರೆ ತುದಿಯಿಂದ ಸೀಳುತ್ತಾ ಬರುತ್ತದೆ. ನೆರಳಿನಲ್ಲಿ ಒಟ್ಟಿ, ನಡುವೆ ಸಣ್ಣ ರೀಪು ಕೊಟ್ಟು ಗಾಳಿ ಆಡಲಿಕ್ಕೆ ಬಿಡಿ. ಎರಡೂ ತುದಿಗೆ ದಪ್ಪಗೆ ಬಣ್ಣ ಬಳಿಯಿರಿ. ಒಂದು ಪಟ್ಟಿಗೆ ಗುರುತು ಹಾಕಿ ತಿಂಗಳಿಗೊಮ್ಮೆ ತೂಗಿ. ತೂಕ ಇಳಿಯುವುದು ನಿಲ್ಲುವ ತನಕ ಕೈ ಹಚ್ಚಬೇಡಿ. ಮಳೆಗಾಲದಲ್ಲಿ ನಿಂತರೆ ನಂಬಬೇಡಿ, ಬೇಸಿಗೆಯಲ್ಲೂ ನೋಡಿ.

ಖಾನಾಪುರ ಕಡೆಯವರಿಗೆ ಮತ್ತಿ ಮರ ಹತ್ತಿರ. ಅದೂ ಭಾರ, ಅದೂ ಗಟ್ಟಿ, ಒಣಗುವಾಗ ಮಾತ್ರ ಬಿರುಕು ಜಾಸ್ತಿ. ನೀಲಗಿರಿ ಅಗ್ಗ ಅಂತ ತರಬೇಡಿ, ತಿರುಚಿಕೊಳ್ಳುತ್ತದೆ. ಇನ್ನು ಸ್ವಂತ ಹೊಲದ ಬದುವಿನ ಮರವಾದರೂ ಕಡಿಯುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ.

ಕಾಯುವಷ್ಟು ಸಮಯ ಇಲ್ಲದವರಿಗೆ ಒಂದು ದಾರಿ ಇದೆ. ಹಳೆ ಮನೆ ಕೆಡವಿದ ಕಟ್ಟಿಗೆ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟ ಊರು ನಮ್ಮದು. ತೊಲೆ, ಕಂಬದ ಬೆಲೆ ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ದಶಕಗಟ್ಟಲೆ ಸೂರಿನಡಿ ಒಣಗಿದ ಮರ ಅದು. ಅಂಥ ತೊಲೆ ಸಾಗವಾನಿಯದಾಗಿದ್ದರೆ ನಾನೂ ಬೇಡ ಅನ್ನುವುದಿಲ್ಲ. ಆದರೆ ಗೋಡೆಯೊಳಗೆ ಹುದುಗಿದ್ದ ತುದಿಯನ್ನು ಉಳಿಯಿಂದ ಚುಚ್ಚಿ ನೋಡಿ, ಗೆದ್ದಲು ಸೇರುವುದು ಅಲ್ಲೇ. ಮೆತ್ತಗಿದ್ದಷ್ಟು ಕತ್ತರಿಸಿ ಹಾಕಿ. ಆಮೇಲೆ ತೊಲೆಯ ಮೇಲೆ ಉದ್ದಕ್ಕೂ ಒಂದು ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ, ಸಿಕ್ಕ ಮೊಳೆಯನ್ನೆಲ್ಲಾ ಕಿತ್ತ ಮೇಲೆಯೇ ಸಾಮಿಲ್‌ಗೆ ಒಯ್ಯಿರಿ.